ಏಪ್ರಿಲ್ ಹನ್ನೆರಡರ ನಾಲ್ಕನೆಯ ಸಾಲು

ಕಡೂರಿನ ಗ್ರಂಥಾಲಯದ ಗೇಟಿನ ಪಕ್ಕ ಒಂದು ಕಪ್ಪು ಹಲಗೆ. ಭಾರ್ಗವ ದಿನವೂ ಬೆಳಿಗ್ಗೆ ಅದರ ಮೇಲೆ ‘ಇತಿಹಾಸದಲ್ಲಿ ಈ ದಿನ’ ಬರೆಯುತ್ತಾನೆ. ಸಂಬಳವಿಲ್ಲ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕೂತವನಿಗೆ ಇದೊಂದು ಹೊರಗೆ ಬರುವ ನೆಪ. ಸರ್ಕಾರಿ ಪರೀಕ್ಷೆಗಳಿಗೆ ಓದುವ ಹುಡುಗರು ನಿಂತು ಬರೆದುಕೊಂಡು ಹೋಗುತ್ತಾರೆ.

ಯುಗಾದಿಯ ಮರುದಿನ, ಹೊಸತೊಡಕಿನಂದು, ಊರೆಲ್ಲ ಮಾಂಸದ ಅಂಗಡಿಗಳ ಮುಂದೆ ಸಾಲುಗಟ್ಟಿದ್ದಾಗ, ಹಿರೇನಲ್ಲೂರಿನ ಕರಿಯಮ್ಮ ಬಂದಳು.

“ಇದನ್ನ ಬರಿಯೋನು ನೀನೇನಪ್ಪಾ? ನನ್ ಮಗನ್ದೂ ಬರಿ. ಕೆಂಪರಾಜು ಅಂತ. ಹೊಸತೊಡಕಿನ ದಿವ್ಸ ಕರೆಂಟ್ ಕಂಬ ಹತ್ತಿದ್ದ. ಮೇಲೇ ಸತ್ತೋದ.”

ಅಂದು ರಜೆಯಿತ್ತು, ತಾನು ಯಾರನ್ನೂ ಕಂಬ ಹತ್ತಿಸಿರಲಿಲ್ಲ ಎಂದು ಗುತ್ತಿಗೆದಾರ ಹೇಳಿದ್ದನಂತೆ. ಕೊನೆಗೆ ಕಾಗದಪತ್ರಗಳಲ್ಲಿ ಅವನ ಮಾತೇ ಉಳಿಯಿತು.

“ಅವ್ನು ಹತ್ತಿದ್ದ ಅಂತ ಒಂದ್ ಕಡೆನಾದ್ರೂ ಇರ್ಲಿ ಕಣಪ್ಪ.”

ಎಷ್ಟು ವರ್ಷವಾಯಿತೆಂದು ಕೇಳಿ ಭಾರ್ಗವ ಫೋನಿನಲ್ಲಿ ಹಳೆಯ ಕ್ಯಾಲೆಂಡರ್ ತೆಗೆದ.

“ಅದು ಏಪ್ರಿಲ್ ಹನ್ನೆರಡು ಅಮ್ಮ. ಅವತ್ತು ಬರೀತೀನಿ, ಬನ್ನಿ.”

“ಹೊಸತೊಡಕು ಇವತ್ತಲ್ವಾ?”

“ಹಬ್ಬ ಹಿಂದೆ ಮುಂದೆ ಆಗುತ್ತೆ. ತಾರೀಖು ಆಗಲ್ಲ.”

“ತಾರೀಖು ನೋಡ್ಕಂಡು ಎಡೆ ಇಕ್ತಾರೇನಪ್ಪಾ?” ಎಂದಳು. ಆದರೂ ತಲೆಯಾಡಿಸಿ ಹೋದಳು.

ಹನ್ನೆರಡರಂದು ಅವನು ಮೊದಲ ಮೂರು ಸಾಲು ಎಂದಿನಂತೆ ಬರೆದ. ೧೮೬೧, ಅಮೆರಿಕದ ಅಂತರ್ಯುದ್ಧ ಆರಂಭ. ೧೯೬೧, ಬಾಹ್ಯಾಕಾಶಕ್ಕೆ ಮೊದಲ ಮನುಷ್ಯ. ೧೯೮೧, ಮೊದಲ ಸ್ಪೇಸ್ ಶಟಲ್. ಕೆಳಗೆ: ೨೦೧೩, ಹಿರೇನಲ್ಲೂರಿನ ಕೆಂಪರಾಜು ವಿದ್ಯುತ್ ಕಂಬದ ಮೇಲೆ ಕೆಲಸ ಮಾಡುವಾಗ ಮರಣ.

ಕರಿಯಮ್ಮ ಬಂದಾಗ ಎಲ್ಲವನ್ನೂ ಓದಿ ಹೇಳಿದ.

“ಆಕಾಶಕ್ಕೋದೋನು ಇಳಿದ್ ಬಂದ್ನಾ?”

“ಬಂದ.”

“ಆಮೇಲೋದೋರು?”

“ಅವರೂ ಬಂದ್ರು.”

ಹರ್ಷಿತ್ ಎಂಬ ಹುಡುಗ ಮೂರು ಸಾಲು ಬರೆದುಕೊಂಡು ಪೆನ್ನು ಜೇಬಿಗಿಟ್ಟ.

“ಮಗಾ, ಕೆಳಗಿಂದು ಬಿಟ್ಯಲ್ಲ.”

“ಅದು ಎಕ್ಸಾಮಿಗೆ ಬರಲ್ಲ ಅಜ್ಜಿ.”

“ಬಂದ್ಬಿಟ್ರೆ?”

“ಬಂದ್ರೆ ಒಂದ್ ಮಾರ್ಕ್ ಹೋಯ್ತು, ಅಷ್ಟೇ,” ಎಂದು ನಕ್ಕು ಹೊರಟ.

ಅವಳು ಅಲ್ಲಿಯೇ ನಿಂತಿದ್ದಳು. ಆಮೇಲೆ, “ಇದು ಇಂಗೇ ಇರ್ತದಾ?” ಎಂದಳು.

ಭಾರ್ಗವನಿಗೆ ಆ ಪ್ರಶ್ನೆ ಬರಬಹುದೆಂದು ಹೊಳೆದಿರಲಿಲ್ಲ. “ಇಲ್ಲಮ್ಮ. ನಾಳೆ ಬೆಳಿಗ್ಗೆ ಅಳಿಸ್ಬೇಕು. ನಾಳೆದು ಬರೀಬೇಕಲ್ಲ. ಮುಂದಿನ ವರ್ಷ ಮತ್ತೆ...”

“ಎಲ್ಲಾನೂ ಅಳಿಸ್ತೀಯಾ?”

“ಎಲ್ಲಾನೂ.”

“ಅವು ಬೇರೆ ಎಲ್ಲಾದ್ರೂ ಇರ್ತವೆ ಬಿಡು,” ಎಂದಳು ಅವಳು, ಮೇಲಿನ ಸಾಲುಗಳತ್ತ ಕೈ ತೋರಿಸಿ.

ಅವನು ನಾಲ್ಕನೆಯ ಸಾಲಿನತ್ತ ನೋಡಿದ.

“ಹಂಗಾದ್ರೆ ಇವಂದು ಈಗ್ಲೇ ಅಳಿಸು. ನಾಳೆ ಯಾರೂ ಇಲ್ದಾಗ ಬ್ಯಾಡ.”

ಭಾರ್ಗವ ಬಟ್ಟೆಯನ್ನು ನೀರಿಗದ್ದಿ ಕೊನೆಯ ಸಾಲನ್ನು ಒರೆಸಿದ. ಹಲಗೆಯ ಆ ಭಾಗ ಒದ್ದೆಯಾಗಿ ಇನ್ನಷ್ಟು ಕಪ್ಪಾಯಿತು. ಅದು ಒಣಗುವವರೆಗೂ ಅವಳು ನೋಡುತ್ತಿದ್ದಳು.

“ಮುಂದಿನ ಹೊಸತೊಡಕಿಗೆ ಬನ್ನಿ ಅಮ್ಮ. ಅವತ್ತೇ ಬರೀತೀನಿ.”

“ಬಂದು?” ಎಂದಳು ಕರಿಯಮ್ಮ. ಸೆರಗು ತಲೆಗೆಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.