ಲ್ಯಾಪ್‌ಟಾಪಿನ ಅರಿಶಿನ

ಕ್ಯಾಲಿಫೋರ್ನಿಯಾದಲ್ಲಿದ್ದಾಗ ನಾವು ಗಂಡ ಹೆಂಡತಿ ಸೇರಿ ರಾಜ್ಯದ ಇನ್‌ಕಮ್ ಟ್ಯಾಕ್ಸಿಗೆ ಒಂದೇ ರಿಟರ್ನನ್ನು ಕಾಗದದಲ್ಲೇ ಕಳಿಸುತ್ತಿದ್ದೆವು. ಇಬ್ಬರೂ ಸಹಿ ಹಾಕಿದ ಮೇಲೆ ಲಕೋಟೆಯ ಮೂಲೆಗೆ ಅರಿಶಿನ ಹಚ್ಚುವುದು ನನ್ನ ಕೆಲಸ. ಕಳೆದ ವರ್ಷ ಟೆಕ್ಸಾಸ್‌ನ ಜಾರ್ಜ್‌ಟೌನ್‌ಗೆ ಬಂದೆವು. ಇಲ್ಲಿ ರಾಜ್ಯದ ಆ ಟ್ಯಾಕ್ಸೇ ಇಲ್ಲ, ಹಾಗಾಗಿ ಕ್ಯಾಲಿಫೋರ್ನಿಯಾಕ್ಕೆ ಇದೇ ಕೊನೆಯ ರಿಟರ್ನ್.

"ಈ ಸಲ ಇ-ಫೈಲ್ ಮಾಡ್ಬಿಟ್ಟೆ. ಅದಕ್ಕೆ ನಿನ್ನ ಸೈನ್ ಬೇಕಾಗಲ್ಲ," ಎಂದರು ನನ್ನ ಗಂಡ ಸುಧೀಂದ್ರ. ನಾನು ಪೆದ್ದಿ, ಲ್ಯಾಪ್‌ಟಾಪಿನ ಮೂಲೆಗೇ ಅರಿಶಿನ ಹಚ್ಚಿದೆ.

ಇವತ್ತು ನಮ್ಮ ಟ್ಯಾಕ್ಸ್ ನೋಡಿಕೊಳ್ಳುವ ಮುರಳೀಧರ ಅಂಕಲ್ ಫೋನ್ ಮಾಡಿದರು. "ನಿನ್ನ ರಿಟರ್ನ್ ಯಾವಾಗ ಹಾಕ್ತೀಯಮ್ಮ?"

"ನಮ್ಮದು ಇ-ಫೈಲ್ ಆಯ್ತಲ್ಲ ಅಂಕಲ್. ನನ್ನ ಸೈನ್ ಬೇಡವಂತೆ."

"ಜೊತೆಗೆ ಹಾಕೋದಾದ್ರೆ ಇ-ಫೈಲ್‌ಗೂ ಇಬ್ಬರ ಸೈನ್ ಬೇಕು. ಇಬ್ಬರೂ ಬೇರೆ ಆಗ್ತಿದ್ದೀವಿ ಅಂತ ಅವನು ತನ್ನದಷ್ಟೇ ಹಾಕಿಸಿದ. ನಿನಗೆ ಗೊತ್ತಿರಲಿಲ್ವಾ?"

ಸುಧೀಂದ್ರರ ಬಿಳಿ ಶರ್ಟು ಇಸ್ತ್ರಿಯಾಗಿ ನೇತಾಡುತ್ತಿತ್ತು. ಅದರಿಂದಲೇ ಲ್ಯಾಪ್‌ಟಾಪಿನ ಅರಿಶಿನ ಒರೆಸಿದೆ.