ಬಸದಿಯ ಜೇನು

ಹುಮನಾಬಾದಿನ ಹಳೇ ಪೇಟೆಯ ಓಣಿಯಲ್ಲಿರುವ ಪಾರ್ಶ್ವನಾಥ ಬಸದಿಗೆ ಆ ಚಳಿಗಾಲ ಹೆಜ್ಜೇನು ಕಟ್ಟಿತ್ತು. ಮೊರದಷ್ಟು ದೊಡ್ಡ ಹುಟ್ಟು, ಬಾಗಿಲಿಗೆ ನೇರ ಮೇಲೆ. ಸುಟ್ಟುಬಿಡೋಣವೆಂದು ಓಣಿಯವರು ಹೇಳಿದರೂ ಪೂಜೆ ಮಾಡುವ ಜಿನ್ನಪ್ಪನವರು ಒಪ್ಪಲಿಲ್ಲ.

"ಭಗವಂತನ ನೆರಳಿನ್ಯಾಗ ಜೀವ ಸುಡೂದೇನ್ರಿ? ತಾವ ಬಂದಾವ, ತಾವ ಹೋಗ್ತಾವ."

ಅವರ ಸೊಸೆ ಸುಗಂಧಾ ಮಾತ್ರ ಆ ಬಾಗಿಲು ದಾಟುವಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದಳು. ಮಾವನಿಗೆ ಜೇನಿನ ನಂಜು ವಿಪರೀತ ಏರುತ್ತಿತ್ತು. ಹಿಂದೊಮ್ಮೆ ರಾಜೇಶ್ವರವೆಂಬ ಊರಿನಲ್ಲಿ ಒಂದೇ ಹುಳ ಕಡಿದದ್ದಕ್ಕೆ ಎಚ್ಚರ ತಪ್ಪಿ ಬಿದ್ದಿದ್ದರು.

ಅಂದು ಗಂಡ ಬಸವಕಲ್ಯಾಣಕ್ಕೆ ಹೋಗಿದ್ದ. ಸುಗಂಧಾ ಮಡಿಯುಟ್ಟು, ಬಾವಿಯ ನೀರನ್ನು ಅರಿವೆಯಲ್ಲಿ ಸೋಸಿ ಅಭಿಷೇಕಕ್ಕೆ ತಂದಳು. ಗರ್ಭಗುಡಿಯಲ್ಲಿ ಜಿನ್ನಪ್ಪನವರು ಇನ್ನೂ ಕಲಶ ಎತ್ತಿರಲಿಲ್ಲ, ಹೊರಗೆ ಹದ್ದೊಂದು ಹುಟ್ಟಿಗೆ ಎರಗಿತು. ಮರುಕ್ಷಣ ಅಂಗಳವೆಲ್ಲ ಮೊರೆಯತೊಡಗಿತು.

"ಸುಗಂಧಾಬಾಯಿ, ಹೊರಗ ಬರಬ್ಯಾಡ್ರಿ! ಕಿವಾಡ ಹಾಕ್ಕೋರಿ!" ಎದುರಿನ ಚಹಾದಂಗಡಿಯ ಖಮರುದ್ದೀನ್ ಕೂಗಿದ.

ಅವಳು ಗರ್ಭಗುಡಿಯೊಳಗೆ ನುಗ್ಗಿ ಕದ ಎಳೆದುಕೊಂಡಳು. ಅಷ್ಟರಲ್ಲೇ ಒಂದು ಹಿಂಡು ಒಳಗೆ ಬಂದಾಗಿತ್ತು. ಜಿನ್ನಪ್ಪನವರು ಕುತ್ತಿಗೆ ಹಿಡಿದುಕೊಂಡು ಕುಸಿದು ಕೂತರು. ಹುಳಗಳು ನಂದಾದೀಪದ ಬೆಳಕಿಗೆ ಕೆರಳಿ ಸುತ್ತುತ್ತಿದ್ದವು. ಕತ್ತಲಾದರೆ ಜೇನು ಹಾರುವುದಿಲ್ಲವೆಂದು ತವರಿನಲ್ಲಿ ಕೇಳಿದ್ದಳು. ಆದರೆ ಆ ದೀಪವನ್ನು ಯಾರೂ ಕೈಯಾರೆ ಆರಿಸಿದ್ದಿಲ್ಲ.

"ಮಾವಾರಿ, ದೀಪ ಆರಸ್ಲೇನ್ರಿ?"

ಅವರು ಬೇಡವೆಂದು ತಲೆಯಾಡಿಸಿದರು. ತುಟಿ ಆಗಲೇ ಊದಿತ್ತು. ಇನ್ನೊಂದು ಹುಳ ಅವರ ಹೆಗಲ ಮೇಲೆ ಕೂತಿತು. ಸುಗಂಧಾ ಕಣ್ಣು ಮುಚ್ಚಿ, ಒದ್ದೆ ಸೆರಗಿನಿಂದ ಬತ್ತಿಯನ್ನು ಹಿಸುಕಿದಳು.

ಗಾಢ ಕತ್ತಲು. ಮೊರೆತ ಸಣ್ಣದಾಗುತ್ತ ಗೋಡೆಗೆ ಇಳಿಯಿತು. ಏನೋ ಅವಳ ಪಾದದ ಮೇಲೆ ಹರಿಯಿತು. ಅವಳು ಅಲುಗಲಿಲ್ಲ. "ಣಮೋ ಅರಿಹಂತಾಣಂ" ಅಂದಳು. ಮುಂದಿನ ಸಾಲು ನೆನಪಾಗಲೇ ಇಲ್ಲ. ಮಾವನ ಉಸಿರು ಸೀಟಿಯಂತೆ ಸಣ್ಣಗಾಗುತ್ತಿತ್ತು.

ಆಗ ಸೀಮೆಎಣ್ಣೆಯ ವಾಸನೆ ಬಂತು. ಹೊರಗೆ ಯಾರೋ ಹುಟ್ಟು ಸುಡಲು ಪಂಜು ಹಚ್ಚುತ್ತಿದ್ದರು. ಹೊಗೆಗೆ ಹುಳಗಳೆಲ್ಲ ಒಳಗೇ ನುಗ್ಗುತ್ತವೆಂದು ಅವಳು ಕದಕ್ಕೆ ಬಾಯಿಟ್ಟು ಕೂಗಿದಳು.

"ಬೆಂಕಿ ಹಚ್ಚಬ್ಯಾಡ್ರೋ! ಮಾವಾರಿಗೆ ಕಡದಾವ, ಜೀವ ಹೋಗಾಕತ್ತೇತಿ!"

"ಆರಿಸ್ರಿ ಅದನ್ನ!" ಖಮರುದ್ದೀನ್ ಯಾರನ್ನೋ ಗದರಿದ. ಸ್ವಲ್ಪ ಹೊತ್ತಿಗೆ ಅವನ ದನಿ ಕದದ ಹತ್ತಿರವೇ ಕೇಳಿತು. "ಬಾಯಿ, ನಾ ಒಳಗ ಬರ್ಲೇನ್ರಿ?"

ಮಡಿಯಿಲ್ಲದವರು ಆ ಹೊಸ್ತಿಲು ದಾಟುತ್ತಿರಲಿಲ್ಲ. "ಬರ್ರಿ ಅಣ್ಣಾ, ಲಗೂ ಬರ್ರಿ!"

ಅವನು ನೆನೆಸಿದ ಕಂಬಳಿ ಹೊದ್ದು ಬಂದಿದ್ದ. ಅದನ್ನೇ ಜಿನ್ನಪ್ಪನವರಿಗೆ ಸುತ್ತಿ, ತಾನು ಕಡಿಸಿಕೊಳ್ಳುತ್ತ, ಹೊತ್ತುಕೊಂಡು ಆಟೋದತ್ತ ಓಡಿದ. ಸುಗಂಧಾ ಸೆರಗು ಮುಸುಕಿಕೊಂಡು ಹಿಂದೆಯೇ ಓಡಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತೆಂದರು ಆಸ್ಪತ್ರೆಯ ಡಾಕ್ಟರು, ಸೂಜಿ ಚುಚ್ಚುತ್ತ.

ಸಂಜೆ ಜಿನ್ನಪ್ಪನವರು ಕಣ್ಣು ಬಿಟ್ಟರು. "ದೀಪ?"

"ನಾನ ಆರಿಸಿದ್ನ್ರಿ."

ಅವರು ಮಲಗಿದಲ್ಲೇ ಕೈ ಜೋಡಿಸಿ ಕಣ್ಣು ಮುಚ್ಚಿದರು.

"ದೋಷಕ್ಕ ನಾ ಉಪವಾಸ ಮಾಡ್ತೀನಿ," ಅಂದರು ಕೊನೆಗೆ. "ನೀ ಅಂಜಬ್ಯಾಡ, ಮಗಳ."

ಅವಳು ತಲೆಯಾಡಿಸಿದಳು. ಕಿಟಕಿಯ ಗಾಜಿಗೆ ನೊಣವೊಂದು ಗುಂಯ್‌ಗುಟ್ಟಿತು. ಅವಳು ಥಟ್ಟನೆ ಮಾವನ ಮೇಲೆ ಬಾಗಿ, ಎರಡೂ ಕೈಗಳಿಂದ ಅವರ ಮುಖ ಮುಚ್ಚಿದಳು.