ಸೋಮವಾರ ಸುಮ್ಮನಿದ್ದ ಮೆಮೊರಿ

ಇದು ನಡೆದದ್ದು 1989ರ ಶ್ರಾವಣದಲ್ಲಿ, ಈ ಕ್ರಮದಲ್ಲಿ: ಮೊದಲ ಸೋಮವಾರ ಪರೀಕ್ಷೆ, ಮಂಗಳವಾರದಿಂದ ಬೀಜಗಳ ನೋಂದಣಿ, ಮರುಸೋಮವಾರ ನಷ್ಟ.

ಅಣ್ಣಿಗೇರಿಯ ಹತ್ತಿ ಬೀಜ ಸಂಘದ ಹೊಸ ಕಂಪ್ಯೂಟರು ಏಕಕಾಲಕ್ಕೆ ಎರಡು ಕೆಲಸ ಮಾಡಬೇಕಿತ್ತು: ಬೀಜದ ನೋಂದಣಿ ಮತ್ತು ಸಂಘದ ಲೆಕ್ಕಪತ್ರ. ಹಳೆಯ ಯಂತ್ರಗಳಿಂದ ತಂದ ಈ ಎರಡೂ ಪ್ರೋಗ್ರಾಮುಗಳು ಇಡೀ ಯಂತ್ರ ತಮ್ಮದೇ ಎಂದು ನಂಬಿದ್ದವು. ಬಿಎಸ್ಸಿ ಮುಗಿಸಿ ಬಂದಿದ್ದ ಕುಬೇರಪ್ಪ ಅವುಗಳ ಕೆಳಗೆ ಮನೆಯ ಯಜಮಾನನಂಥ ಮೂರನೆಯ ಪ್ರೋಗ್ರಾಮೊಂದನ್ನು ಬರೆದ. ಮೇಲಿನವೆರಡನ್ನು ಅವನು ಅತಿಥಿಗಳೆಂದು ಕರೆಯುತ್ತಿದ್ದ. ಇಬ್ಬರಿಗೂ ಸಾಕಾಗುವಷ್ಟು ಮೆಮೊರಿ ಇರಲಿಲ್ಲ. ಆದುದರಿಂದ ಒಬ್ಬ ಅತಿಥಿ ಬಹಳ ಹೊತ್ತು ಮುಟ್ಟದ ಭಾಗವನ್ನು ಯಜಮಾನ ಹಿಂದಕ್ಕೆ ಪಡೆದು ಇನ್ನೊಬ್ಬನಿಗೆ ಕೊಡುತ್ತಿದ್ದ. ಅಂಥ ಭಾಗವನ್ನು ಮೊದಲು ಡಿಸ್ಕಿಗೆ ಬರೆದಿಡುವುದು ನಿಧಾನವೆಂದು ಕುಬೇರಪ್ಪ ಆ ಹಂತವನ್ನೇ ಬಿಟ್ಟಿದ್ದ.

ಸೋಮವಾರ ಈ ಸೀಮೆಯಲ್ಲಿ ಎತ್ತು ಹೂಡುವುದಿಲ್ಲ. ಚಕ್ಕಡಿಗಳು ಬರುವುದಿಲ್ಲ, ಕಚೇರಿ ಶಾಂತವಾಗಿರುತ್ತದೆ. ಅದಕ್ಕೆಂದೇ ಅವನು ಪರೀಕ್ಷೆಗೆ ಆ ದಿನವನ್ನು ಆರಿಸಿದ.

"ಬೀಗರು ಮಲಗ್ಯಾರಂತ ಅವರ ಹಾಸಿಗೀನ ಎಳೀತೀರೇನ್ರಿ?" ಎಂದು ಕೀಲಿಮಣೆಯ ಮುಂದೆ ಕೂತಿದ್ದ ನೀಲಕ್ಕ ನಕ್ಕಳು.

"ಮಲಗಿಲ್ರಿ ನೀಲಕ್ಕಾ. ಇನ್ನೂ ಬಂದೇ ಇಲ್ಲ."

ನೋಂದಣಿಯಲ್ಲಿ ಇನ್ನೂ ಒಂದು ಹೆಸರೂ ಇರಲಿಲ್ಲ; ಪರೀಕ್ಷೆ ಸರಿಯಾಗಿ ಮುಗಿಯಿತು.

ಮರುದಿನದಿಂದ ರೈತರು ಬಿತ್ತನೆಯ ಬೀಜದ ನಾರು ತೆಗೆಸಲು ಚೀಲಗಳನ್ನು ತಂದರು. ಹಿಂದಿನ ವರ್ಷ ಶಿಫಾರಸು ಇದ್ದವರ ಚೀಲಕ್ಕೆ ಮೊದಲ ಸರದಿ ಸಿಕ್ಕಿತೆಂದು ಜಗಳವಾಗಿದ್ದರಿಂದ ಚೀಲಗಳ ಮೇಲೆ ಬರೀ ಸಂಖ್ಯೆ ಇರಬೇಕು, ಯಾರ ಸಂಖ್ಯೆ ಯಾವುದೆಂದು ಯಂತ್ರಕ್ಕೆ ಮಾತ್ರ ಗೊತ್ತಿರಬೇಕು ಎಂದು ಸಂಘ ತೀರ್ಮಾನಿಸಿತ್ತು. ನೋಂದಣಿಯ ಪ್ರೋಗ್ರಾಮು ಎಲ್ಲ ಹೆಸರುಗಳನ್ನೂ ಮೆಮೊರಿಯಲ್ಲಿಟ್ಟುಕೊಂಡು, ಕೊನೆಯ ಚೀಲ ಬಂದ ಮೇಲೆ ಒಮ್ಮೆಗೇ ಡಿಸ್ಕಿಗೆ ಬರೆಯುತ್ತಿತ್ತು. ಮೊರಬದ ಅನ್ನವ್ವನೂ ತನ್ನ ಜವಾರಿ ಹತ್ತಿಬೀಜ ಕೊಟ್ಟುಹೋದಳು. ಬೀಜಗಳನ್ನು ಆಮ್ಲದಲ್ಲಿ ತೊಳೆದು ನಾರು ತೆಗೆದಾಗ ಎಲ್ಲವೂ ಒಂದೇ ಥರ ಕಪ್ಪಾದವು.

ಮರುಸೋಮವಾರ ಚಕ್ಕಡಿ ಬರಲಿಲ್ಲ. ಕೊನೆಯ ಚೀಲಗಳು ಇನ್ನೂ ಬರಬೇಕಿದ್ದುದರಿಂದ ಹೆಸರುಗಳು ಡಿಸ್ಕಿಗೆ ಹೋಗಿರಲಿಲ್ಲ. ನೋಂದಣಿಯ ಮೆಮೊರಿಯನ್ನು ದಿನವಿಡೀ ಯಾರೂ ಮುಟ್ಟಲಿಲ್ಲ. ಯಜಮಾನ ಅದನ್ನು ಲೆಕ್ಕಪತ್ರಕ್ಕೆ ಕೊಟ್ಟ.

ಮರುದಿನ ಬೀಜ ಮರಳಿ ಒಯ್ಯಲು ಅನ್ನವ್ವ ಬಂದಾಗ ನೀಲಕ್ಕ ಕರೆದಳು: "ಕುಬೇರಪ್ಪಾರ, ಇಲ್ಲಿ ನೋಡ್ರಿ. ಹೆಸರಿನ ಜಾಗಾದಾಗ ಬರೇ ಲೆಕ್ಕದ ಅಂಕಿ ಅದಾವ."

ಅವನು ಪರದೆಯನ್ನು ನೋಡಿದ. ಕೂಡಲೇ ಅವನಿಗೆ ಅರ್ಥವಾಯಿತು: ಹೆಸರುಗಳಿದ್ದ ಜಾಗದ ಮೇಲೆ ಲೆಕ್ಕಪತ್ರ ಬರೆದುಬಿಟ್ಟಿತ್ತು, ಡಿಸ್ಕಿನಲ್ಲಿ ಅವುಗಳ ಪ್ರತಿಯೂ ಇರಲಿಲ್ಲ.

"ನಂದ್ಯಾವ ಚೀಲೋ ತಮ್ಮಾ?"

"ಗೊತ್ತಾಗವಲ್ದ್ರಿ ಅವ್ವಾ."

"ಗೊತ್ತಾಗವಲ್ದು? ಚೀಲದ ಮ್ಯಾಲ ಒಂದ ಗುರ್ತು ಹಾಕ್ತೀನಂದ್ರ ಬ್ಯಾಡ ಅಂದಿ. ಪೆಟಗಿಗೆ ಎಲ್ಲಾ ನೆನಪಿರ್ತದ ಅಂದಿ."

"ಅಂದಿದ್ದು ಖರೇರಿ."

"ನಮ್ಮವ್ವ ಉಡಿಯಾಗ ಹಾಕಿ ಕಳಿಸಿದ ಬೀಜ ಅದು. ಅದರ ಸುಡ್ಲಿ, ಮನ್ಯಾಗ ಒಂದ ಕಾಳೂ ಇಟ್ಟಿಲ್ಲಲ್ಲೋ ನಾ."

ಕುಬೇರಪ್ಪ ತಾನು ಬಿಟ್ಟಿದ್ದ, ಡಿಸ್ಕಿಗೆ ಬರೆದಿಡುವ ಹಂತವನ್ನು ಅಂದೇ ಪ್ರೋಗ್ರಾಮಿಗೆ ಸೇರಿಸಿದ. ಹೋದ ಹೆಸರುಗಳಿಗೆ ಅದರಿಂದ ಉಪಯೋಗವಿರಲಿಲ್ಲ.

ಬಿತ್ತನೆಗೆ ಹದವಾದ ಮಳೆ ಬಿದ್ದಿತ್ತು, ಕಾಯುವಂತಿರಲಿಲ್ಲ. ರೈತರು ಅಂದಾಜಿನ ಮೇಲೆ ಒಂದೊಂದು ಚೀಲ ಎತ್ತಿಕೊಂಡರು. ಅನ್ನವ್ವ ಹಲವು ಚೀಲಗಳಿಗೆ ಕೈಹಾಕಿ, ಕಾಳುಗಳನ್ನು ಅಂಗೈಯಲ್ಲಿ ಹೊರಳಿಸಿ, ಕೊನೆಗೆ ಒಂದನ್ನು ಹೊತ್ತುಕೊಂಡು ನಡೆದಳು.

ಮಾಘದಲ್ಲಿ ಕಾಯಿ ಬಿರಿದವು. ಕುಬೇರಪ್ಪ ಬಸ್ಸು ಹಿಡಿದು ಮೊರಬಕ್ಕೆ ಹೋದ. ಹೊಲದಲ್ಲಿ ಅನ್ನವ್ವ ಅರಳೆಯ ಎಳೆಯೊಂದನ್ನು ಬೆರಳುಗಳ ನಡುವೆ ಎಳೆದು ನೋಡಿ ಅವನ ಕೈಗಿಟ್ಟಳು. ಅದು ಅವಳ ಹತ್ತಿಯಾಗಿರಲಿಲ್ಲ.